ಬಸವನ ಬಾಯಿಯ ನೀರು ಎಲ್ಲಿಂದ ಬರುತ್ತದೆ? ಕೋಲಾರದ ನಮ್ಮ ಭೂವಿಜ್ಞಾನದ ಮೇಷ್ಟ್ರನ್ನು ನೆನೆಯುತ್ತಾ

ತೇರಹಳ್ಳಿ ದಾರಿ:

ಕೋಲಾರದಲ್ಲಿ ಬಿ.ಎಸ್ಸಿ. ಓದುವಾಗ ಭೂವಿಜ್ಞಾನವನ್ನು ಒಂದು ವಿಷಯವಾಗಿ ತೆಗೆದುಕೊಂಡಿದ್ದ ಎಲ್ಲರಿಗೂ ನಮಸ್ಕಾರ. ಯಾರ ಬಗ್ಗೆ ಬರೆಯುತ್ತಿದ್ದೇನೆ ಎಂಬುದು ಹೆಸರು ಹೇಳದೆಯೇ ನಿಮಗೆ ಗೊತ್ತಾಗುತ್ತದೆ. ಹೆಸರು ಹಾಕುವುದು ಬೇಡವೆಂದು ಅವರೇ ಹೇಳಿದ್ದಾರೆ. ಕಳೆದ ತಿಂಗಳು ಅವರ ಮನೆಗೆ ಹೋಗಿದ್ದೆ. ಕಣ್ಣಿನ ದೃಷ್ಟಿ ಬಹುಮಟ್ಟಿಗೆ ಹೋಗಿದೆ. ದಿನಪತ್ರಿಕೆಯನ್ನು ಮೊಮ್ಮಗಳು ಓದಿ ಹೇಳುತ್ತಾಳೆ; ಅವಳು ಒಂದು ಒತ್ತಕ್ಷರವನ್ನು ನುಂಗಿದರೂ ಆ ಸಾಲನ್ನು ಮತ್ತೊಮ್ಮೆ ಓದಿಸುತ್ತಾರೆ. ಹಳೆಯ ವಿದ್ಯಾರ್ಥಿಗಳೆಲ್ಲ ಏನು ಮಾಡುತ್ತಿದ್ದಾರೆ ಎಂದು ಕೇಳಿದರು. ನನಗೆ ತಿಳಿದಿದ್ದ ಹತ್ತು ಹನ್ನೆರಡು ಮಂದಿಯ ಉದ್ಯೋಗ, ಊರು, ಮಕ್ಕಳ ವಿಚಾರ ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡು, “ಅದು ಸಂತೋಷ. ಅವರು ಈಗಲೂ ಏನನ್ನಾದರೂ ನೋಡುತ್ತಾರೆಯೇ?” ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಆದ್ದರಿಂದ ಇಲ್ಲಿ ಬರೆಯಿರಿ ಎಂದು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ. ಬಂದ ಬರಹಗಳನ್ನೆಲ್ಲ ಅವರೆದುರು ಕುಳಿತು ನಾನೇ ಓದುತ್ತೇನೆ. ಅರ್ಧ ವಾಕ್ಯವನ್ನು ಅವರು ಸಹಿಸುವುದಿಲ್ಲ ಎಂಬುದು ನಿಮಗೆಲ್ಲ ನೆನಪಿರಲಿ.

ನನ್ನ ನೆನಪಿನಿಂದಲೇ ಆರಂಭಿಸುತ್ತೇನೆ. ಮೊದಲ ವರ್ಷದ ಮೊದಲ ತರಗತಿಯಲ್ಲಿ ಹಾಜರಿ ಮುಗಿಸಿದವರು ಕಪ್ಪುಹಲಗೆಯ ಮೇಲೆ ಒಂದೇ ಸಾಲು ಬರೆದರು: “ಅಂತರಗಂಗೆಯಲ್ಲಿ ಬಸವನ ಬಾಯಿಂದ ಬೀಳುವ ನೀರು ಎಲ್ಲಿಂದ ಬರುತ್ತದೆ?” ಊರಿನ ಪಕ್ಕದ ಬೆಟ್ಟ, ಚಿಕ್ಕಂದಿನಿಂದ ಹತ್ತಿದ ಮೆಟ್ಟಿಲು, ಬೊಗಸೆಯೊಡ್ಡಿ ಕುಡಿದ ನೀರು, ಅದೂ ಒಂದು ಪ್ರಶ್ನೆಯಾಗಬಹುದೆಂದು ನಮಗೆ ಹೊಳೆದೇ ಇರಲಿಲ್ಲ. ಕಾಶಿಯ ಗಂಗೆಯೇ ಒಳದಾರಿಯಲ್ಲಿ ಹರಿದು ಬರುತ್ತಾಳೆಂದು ನಮ್ಮಜ್ಜಿ ಹೇಳುತ್ತಿದ್ದುದನ್ನು ಎದ್ದುನಿಂತು ಹೇಳಿದೆ. ತರಗತಿ ನಕ್ಕಿತು, ಅವರು ನಗಲಿಲ್ಲ. “ಅಜ್ಜಿಯ ಮಾತನ್ನು ಮೊದಲನೆಯ ಊಹೆ ಎಂದು ಬರೆದುಕೊಳ್ಳಿ. ನೀರು ಕಲ್ಲಿನ ಒಳಗಿನಿಂದ ಬರುತ್ತದೆ ಎಂಬಷ್ಟು ಭಾಗ ಅದರಲ್ಲಿ ಸರಿಯಾಗಿದೆ” ಎಂದರು.

ನಾವು ಪುಸ್ತಕ ನೋಡಿ, ಅದು ಅಂತರ್ಜಲವೆಂದು ಬರೆದು ಕೊಟ್ಟೆವು. “ಇದು ಹೆಸರು, ಉತ್ತರವಲ್ಲ” ಎಂಬ ಟಿಪ್ಪಣಿಯೊಂದಿಗೆ ಹಾಳೆ ಹಿಂದಿರುಗಿತು. ಬೆಟ್ಟಕ್ಕೆ ಹೋಗಿ ಬಂಡೆಯ ಬಿರುಕುಗಳನ್ನು ಕಂಡು ಬಂದೆವು. ಬಿರುಕುಗಳು ಯಾವ ದಿಕ್ಕಿಗೆ ಓಡುತ್ತವೆ, ಎಷ್ಟನ್ನು ಎಣಿಸಿದಿರಿ ಎಂದು ಕೇಳಿದರು. ಕ್ಲೈನೋಮೀಟರ್ ಹಿಡಿದು ಮತ್ತೆ ಹೋಗಿ ದಿಕ್ಕನ್ನೂ ಇಳಿಜಾರಿನ ಕೋನವನ್ನೂ ಅಳೆದು ತಂದೆವು. “ಬೆಟ್ಟದ ತುದಿಗೆ ಹೋಗಿದ್ದಿರಾ?” ಎಂದರು. ನಾವು ದೇವಸ್ಥಾನದಲ್ಲೇ ನಿಂತಿದ್ದೆವು. ನಾಲ್ಕನೆಯ ಬಾರಿ ಬಂಡೆಗಳ ಸಂದಿನಲ್ಲಿ ನುಸುಳಿ ಮೇಲಕ್ಕೆ ಹೋದಾಗ, ಕೆಳಗಿನಿಂದ ಬರಿಯ ಬಂಡೆಯಾಗಿ ಕಾಣುವ ಶತಶೃಂಗ ಪರ್ವತದ ನೆತ್ತಿಯ ಮೇಲೆ ಹಳ್ಳಿಗಳಿವೆ, ರಾಗಿ ಹೊಲಗಳಿವೆ, ಕೆಂಪು ಮಣ್ಣಿದೆ, ಮಣ್ಣಿನ ಕೆಳಗೆ ಗಟ್ಟಿ ಬಂಡೆ ಕೊಳೆತು ಆದ ಗರಸಿನ ಪದರವಿದೆ ಎಂಬುದನ್ನು ಮೊದಲ ಬಾರಿಗೆ ವಿದ್ಯಾರ್ಥಿಗಳಾಗಿ ನೋಡಿದೆವು. ಮೇಲೆ ಸುರಿದ ಮಳೆಯನ್ನು ಆ ಮಣ್ಣು ಮತ್ತು ಗರಸು ಹೀರಿಟ್ಟುಕೊಂಡು, ಬಿರುಕುಗಳ ದಾರಿಯಲ್ಲಿ ತಿಂಗಳುಗಟ್ಟಲೆ ನಿಧಾನವಾಗಿ ಕೆಳಕ್ಕೆ ಬಿಡುತ್ತದೆ, ಬಿರುಕು ಇಳಿಜಾರನ್ನು ಸಂಧಿಸುವ ಕಡೆ ಒರತೆಯಾಗುತ್ತದೆ, ಆದ್ದರಿಂದಲೇ ಮಳೆ ನಿಂತ ಬಹಳ ದಿನಗಳ ಮೇಲೂ ಬಸವನ ಬಾಯಿ ಒಣಗಿರುವುದಿಲ್ಲ ಎಂದು ಬರೆದೆವು. ಆ ಹಾಳೆಯ ಕೊನೆಯಲ್ಲಿ ಅವರು “ನೋಡಿದ್ದೀರಿ” ಎಂದು ಬರೆದು ಸಹಿ ಮಾಡಿದರು. ಅದಕ್ಕಿಂತ ದೊಡ್ಡ ಮೆಚ್ಚುಗೆಯನ್ನು ಮೂರು ವರ್ಷಗಳಲ್ಲಿ ಯಾರಿಗೂ ಅವರು ಕೊಟ್ಟದ್ದನ್ನು ನಾನು ಕಂಡಿಲ್ಲ.

ಟೇಕಲ್ ಕಲ್ಲು:

ಮೇಷ್ಟ್ರೆದುರು ಓದುತ್ತೀರೆಂದು ತಿಳಿದೇ ಇದನ್ನು ಬರೆಯುತ್ತಿದ್ದೇನೆ. ಹೊಗಳಿಕೆಯನ್ನಷ್ಟೇ ಓದುವುದಾದರೆ ನನ್ನ ಬರಹವನ್ನು ಬಿಟ್ಟುಬಿಡಬಹುದು.

ನಮ್ಮ ತಂದೆ ಟೇಕಲ್ ಕಡೆ ಕಲ್ಲು ಒಡೆಯುತ್ತಿದ್ದರು. ನಾನು ಭಾನುವಾರಗಳಲ್ಲಿ ಅವರೊಡನೆ ಕೆಲಸಕ್ಕೆ ಹೋದರೆ ಮಾತ್ರ ಆ ವಾರದ ಬಸ್ಸಿನ ಖರ್ಚು ಹುಟ್ಟುತ್ತಿತ್ತು. ಮೇಷ್ಟ್ರ ಕ್ಷೇತ್ರಾಧ್ಯಯನವೆಲ್ಲ ಭಾನುವಾರಗಳಲ್ಲೇ. ಮೂರು ಭಾನುವಾರ ತಪ್ಪಿಸಿದ್ದಕ್ಕೆ ನನ್ನ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಲಿಲ್ಲ. ಕಾರಣ ಕೇಳಲಿಲ್ಲ, ನಾನಾಗಿ ಹೇಳುವ ಧೈರ್ಯವೂ ನನಗಿರಲಿಲ್ಲ. ನಾಲ್ಕನೆಯ ವಾರ ಕೂಲಿ ಬಿಟ್ಟು ಬಂದೆ. ಆ ದಿನ ಒಂದು ಬಂಡೆಯ ಮುಂದೆ ನಿಲ್ಲಿಸಿ ವಿವರಿಸಲು ಹೇಳಿದರು. ಪುಸ್ತಕದ ಶಬ್ದಗಳು ಬಾಯಿಗೆ ಬರಲಿಲ್ಲ. “ನೀವು ಕಲ್ಲಿನ ಮನೆಯಿಂದ ಬಂದವರು. ನಿಮಗೆ ಇಷ್ಟೇ ಕಾಣುವುದೇ?” ಎಂದು ಎಲ್ಲರೆದುರು ಹೇಳಿದರು. ಅವರು ಯಾರನ್ನೂ ಏಕವಚನದಲ್ಲಿ ಕರೆದವರಲ್ಲ, ಇದನ್ನು ಹೇಳುವಾಗಲೂ ‘ನೀವು’ ಎಂದೇ ಹೇಳಿದರು. ಆದರೆ ನನ್ನ ಕಿವಿಗೆ ಬಿದ್ದದ್ದು ‘ಕಲ್ಲಿನ ಮನೆ’ ಎಂಬ ಮಾತು ಮಾತ್ರ. ಎರಡನೆಯ ವರ್ಷ ಭೂವಿಜ್ಞಾನವನ್ನು ಹೇಗೋ ಮುಗಿಸಿದೆ, ಪದವಿಯ ನಂತರ ಬ್ಯಾಂಕಿನ ಪರೀಕ್ಷೆ ಬರೆದು ನೌಕರಿಗೆ ಸೇರಿದೆ. ಅವರು ದೊಡ್ಡ ಮೇಷ್ಟ್ರು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕಲ್ಲನ್ನು ಅಷ್ಟು ಗಮನವಿಟ್ಟು ನೋಡಲು ಕಲಿಸಿದವರು ಎದುರಿಗೆ ನಿಂತ ಹುಡುಗನ ಅಂಗೈಯ ಬೊಬ್ಬೆಗಳನ್ನು ನೋಡಲಿಲ್ಲ ಎಂಬುದನ್ನೂ ನಾನು ಮರೆತಿಲ್ಲ.

ಮುಳಬಾಗಿಲಿನವಳು:

ಟೇಕಲ್ಲಿನ ಅಣ್ಣನವರೇ, ನಿಮ್ಮ ಬರಹವನ್ನು ಎರಡು ಬಾರಿ ಓದಿದೆ. ಅದನ್ನು ಬಿಡದೆ ಓದಬೇಕೆಂದು ನಾನೂ ಕೇಳಿಕೊಳ್ಳುತ್ತೇನೆ. ನಾನು ನಿಮಗಿಂತ ಕೆಲವು ವರ್ಷ ಚಿಕ್ಕವಳಿರಬೇಕು. ನಮ್ಮ ಕಾಲಕ್ಕೆ ಕ್ಷೇತ್ರಾಧ್ಯಯನ ಶುಕ್ರವಾರ ಮಧ್ಯಾಹ್ನದ ಪ್ರಾಕ್ಟಿಕಲ್ ವೇಳೆಗೆ ಬಂದಿತ್ತು. ಯಾಕೆ ಬದಲಾಯಿತೆಂದು ನಮಗೆ ಯಾರೂ ಹೇಳಿರಲಿಲ್ಲ.

ನಾನು ಈಗ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ಅವರ ಮೊದಲ ಪ್ರಾಕ್ಟಿಕಲ್ ತರಗತಿಯನ್ನು ಇಂದಿಗೂ ಹಾಗೆಯೇ ನನ್ನ ಮಕ್ಕಳಿಗೆ ಮಾಡಿಸುತ್ತೇನೆ. ಮರದ ತಟ್ಟೆಯಲ್ಲಿ ಎಂಟು ಕಲ್ಲು ಇಟ್ಟಿರುತ್ತಿದ್ದರು. ಹೆಸರು ಹೇಳಿದವರು ಹೊರಗೆ ನಿಲ್ಲಬೇಕು. ಬಣ್ಣ, ಹೊಳಪು, ಕಣದ ಗಾತ್ರ, ಒಡೆದ ಮುಖದ ರೂಪ, ಅಂಗೈಯಲ್ಲಿ ತೂಗಿದರೆ ಅನ್ನಿಸುವ ಭಾರ, ಉಗುರಿನಿಂದ ಗೀಚಿದರೆ ಏನಾಗುತ್ತದೆ, ಚಾಕುವಿನಿಂದ ಗೀಚಿದರೆ ಏನಾಗುತ್ತದೆ ಎಂದು ಒಂದೊಂದಕ್ಕೂ ಪೂರ್ತಿ ವಾಕ್ಯದಲ್ಲಿ ಬರೆಯಬೇಕು. ಬಿಳಿಯದಾಗಿ ಕಂಡ ಎರಡು ಕಲ್ಲುಗಳನ್ನು ನಾನು ಒಂದೇ ಎಂದು ಬರೆದಿದ್ದೆ. ಎರಡನ್ನೂ ನನ್ನ ಕೈಗೆ ಕೊಟ್ಟು ಕಿಟಕಿಯ ಬಳಿ ನಿಲ್ಲಿಸಿದರು. ಅರ್ಧ ಗಂಟೆ ತಿರುಗಿಸಿ ತಿರುಗಿಸಿ ನೋಡಿದ ಮೇಲೆ, ಒಂದು ಕಲ್ಲು ಒಡೆದ ಸೀಸೆಯ ಚೂರಿನಂತೆ ಬಾಗಿದ ಮುಖಗಳಲ್ಲಿ ಒಡೆದಿದೆ, ಇನ್ನೊಂದು ಮೆಟ್ಟಿಲುಮೆಟ್ಟಿಲಾಗಿ ಚಪ್ಪಟೆ ಮುಖಗಳಲ್ಲಿ ಒಡೆದು ಬಿಸಿಲಿಗೆ ಮಿಂಚುತ್ತಿದೆ ಎಂಬುದು ಕಂಡಿತು. ಮೊದಲನೆಯದು ಬೆಣಚು, ಎರಡನೆಯದು ಫೆಲ್ಡ್‌ಸ್ಪಾರ್. ಮೋಸ್ ಮಾಪಕದಲ್ಲಿ ಬೆಣಚಿನ ಗಡಸು 7, ಫೆಲ್ಡ್‌ಸ್ಪಾರಿನದು 6, ಆದ್ದರಿಂದ ಮೊದಲನೆಯದು ಎರಡನೆಯದನ್ನು ಗೀಚುತ್ತದೆ. ಸಾಧಾರಣ ಚಾಕು ಎರಡನ್ನೂ ಗೀಚಲಾರದು. ಇದೆಲ್ಲ ಪುಸ್ತಕದಲ್ಲಿ ಇತ್ತು. ಆದರೆ ಆ ದಿನದಿಂದ ಇಂದಿನವರೆಗೆ ರಸ್ತೆಗೆ ಹಾಸಿದ ಜಲ್ಲಿಯ ಮೇಲೆ ನಡೆಯುವಾಗಲೂ ಆ ಎರಡನ್ನು ನನ್ನ ಕಣ್ಣು ಬೇರೆ ಮಾಡದೆ ಬಿಟ್ಟಿಲ್ಲ.

ಇನ್ನೊಂದು ವಿಷಯ ಹೇಳಬೇಕು. ನಮ್ಮಲ್ಲಿ ಬಹಳ ಮಂದಿಯ ಮನೆಮಾತು ತೆಲುಗು, ಓದಿದ್ದು ಕನ್ನಡದಲ್ಲಿ, ಪದವಿಯ ಪಠ್ಯ ಇಂಗ್ಲಿಷಿನಲ್ಲಿ. ಮೂರರ ನಡುವೆ ಸಿಕ್ಕಿ ಬಾಯಿ ಬಿಡಲು ಹೆದರುತ್ತಿದ್ದೆವು. ಅವರು ಪ್ರತಿ ಖನಿಜಕ್ಕೂ ಊರಿನಲ್ಲಿ ಏನೆನ್ನುತ್ತಾರೆಂದು ಕೇಳಿ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅಭ್ರಕಕ್ಕೆ ಕಾಗೆಬಂಗಾರ, ಡಾಲರೈಟಿಗೆ ಕರಿಕಲ್ಲು, ಮೆದುವಾದ ಟಾಲ್ಕ್ ಶಿಲೆಗೆ ಬಳಪದ ಕಲ್ಲು. ನಮ್ಮ ಅವ್ವ ಹೇಳಿದ ಒಂದು ಶಬ್ದವನ್ನು ನಾನು ಹೆದರುತ್ತಾ ಹೇಳಿದಾಗ, ಯಾವ ಊರು, ಯಾರ ಬಾಯಿಂದ ಕೇಳಿದ್ದು ಎಂಬುದನ್ನೂ ಪಕ್ಕದಲ್ಲಿ ಬರೆದುಕೊಂಡರು. ನಮ್ಮ ಮನೆಯ ಮಾತು ಕಾಲೇಜಿನ ಪುಸ್ತಕವೊಂದರಲ್ಲಿ ಸೇರಿದ್ದು ಅದೇ ಮೊದಲು.

ಚಾಂಪಿಯನ್ ರೀಫ್:

ನಾನು ಕೆ.ಜಿ.ಎಫ್. ಹುಡುಗ. ನಮ್ಮ ತಂದೆ ಗಣಿಯೊಳಗೆ ಕೆಲಸ ಮಾಡಿದವರು. ಮೇಷ್ಟ್ರು ನಮ್ಮ ತಂಡವನ್ನು ಅಲ್ಲಿಗೆ ಕರೆದುಕೊಂಡು ಬಂದಾಗ ಮೊದಲು ತೋರಿಸಿದ್ದು ಗಣಿಗೆ ಇಳಿಯುವ ಶಾಫ್ಟ್ ಅಲ್ಲ, ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸೈನೈಡ್ ಗುಡ್ಡಗಳನ್ನು. “ಒಂದು ಟನ್ ಬಂಡೆಯಿಂದ ಕೆಲವೇ ಗ್ರಾಂ ಚಿನ್ನ ಬಂದರೆ, ಉಳಿದದ್ದೆಲ್ಲ ಎಲ್ಲಿ ಹೋಗುತ್ತದೆ? ಇಲ್ಲಿದೆ, ನೋಡಿ” ಎಂದರು. ಆ ಗುಡ್ಡಗಳ ಮೇಲೆ ಆಡಿ ಬೆಳೆದ ನಾನು ಅವುಗಳನ್ನು ಆ ಕಣ್ಣಿನಿಂದ ನೋಡಿರಲಿಲ್ಲ. ಆಮೇಲೆ ಪೆದ್ದಪಲ್ಲಿಯ ಬಳಿ ಸಮುದ್ರದಡಿ ಉಕ್ಕಿದ ಲಾವಾ ದಿಂಬುಗಳ ಆಕಾರದಲ್ಲಿ ಹೆಪ್ಪುಗಟ್ಟಿರುವ ಬಂಡೆಗಳನ್ನು ತೋರಿಸಿ, ಸುಮಾರು 270 ಕೋಟಿ ವರ್ಷಗಳ ಹಿಂದೆ ಇಲ್ಲಿ ನೀರಿತ್ತು ಎಂದರು. ಕೊಡ ನೀರಿಗಾಗಿ ಸಾಲು ನಿಲ್ಲುವ ಊರಿನ ಹುಡುಗರಿಗೆ ಆ ಮಾತು ತಲೆಗೆ ಇಳಿಯಲು ಬಹಳ ಹೊತ್ತು ಹಿಡಿಯಿತು.

ಅವರು ನಮ್ಮ ತಂದೆಯನ್ನು ಕಾಲೇಜಿಗೆ ಕರೆಸಿದ್ದನ್ನು ನಾನು ಹೇಳಲೇಬೇಕು. ಮೇಜಿನ ಪಕ್ಕದ ತಮ್ಮ ಕುರ್ಚಿಯಲ್ಲಿ ಅವರನ್ನು ಕೂರಿಸಿ, ತಾವು ವಿದ್ಯಾರ್ಥಿಗಳ ಬೆಂಚಿನಲ್ಲಿ ಕುಳಿತು ಟಿಪ್ಪಣಿ ಮಾಡಿಕೊಂಡರು. ತಂದೆಯವರು ತಮಿಳು ಬೆರೆತ ಕನ್ನಡದಲ್ಲಿ ರಾಕ್‌ಬರ್ಸ್ಟ್ ಬಗ್ಗೆ ಹೇಳಿದರು. ಮೇಲಿನ ಭಾರಕ್ಕೆ ಬಿಗಿದ ಬಂಡೆ ಗಣಿ ತೋಡಿದ ಜಾಗದಲ್ಲಿ ಒಮ್ಮೆಲೇ ಸಿಡಿಯುವುದು, ಅದಕ್ಕೆ ಮುಂಚೆ ಕಲ್ಲು ‘ಮಾತಾಡುವುದು’, ಮೂರು ಕಿಲೋಮೀಟರಿಗೂ ಮೀರಿದ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ದಾಟಿರುವುದು. ಮೇಷ್ಟ್ರು ಎದ್ದುನಿಂತು ಪ್ರಶ್ನೆ ಕೇಳುತ್ತಿದ್ದರು: ಶಬ್ದ ಹೇಗಿತ್ತು, ಎಷ್ಟು ಹೊತ್ತು ಮೊದಲು ಕೇಳುತ್ತಿತ್ತು, ಎಲ್ಲರಿಗೂ ಕೇಳುತ್ತಿತ್ತೇ ಅಥವಾ ಅನುಭವಸ್ಥರಿಗೆ ಮಾತ್ರವೇ. 1965ರಲ್ಲಿ ಇದೇ ಗಣಿಗಳೊಳಗೆ ಸುಮಾರು 2.3 ಕಿ.ಮೀ. ಆಳದಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣಗಳನ್ನು ವಿಜ್ಞಾನಿಗಳು ಪತ್ತೆ ಮಾಡಿದ್ದನ್ನು ಆ ದಿನ ಹೇಳಿದರು. ಅಷ್ಟು ಆಳಕ್ಕೆ ಉಪಕರಣ ಇಳಿಸಲು ಸಾಧ್ಯವಾದದ್ದು ನನ್ನ ತಂದೆಯಂಥವರು ತೋಡಿದ ದಾರಿ ಇದ್ದುದರಿಂದ ಎಂಬ ಮಾತನ್ನೂ ಸೇರಿಸಿದರು. ತಂದೆಯವರು ಬಸ್ಸಿನಲ್ಲಿ ಹಿಂದಿರುಗುವಾಗ ಒಂದು ಮಾತೂ ಆಡಲಿಲ್ಲ. ಮರುದಿನ ಬೆಳಿಗ್ಗೆ ಅಮ್ಮನಿಗೆ ಎಲ್ಲವನ್ನೂ ಮೊದಲಿನಿಂದ ಹೇಳುತ್ತಿದ್ದರು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆ ವಾರ ನಾನು ಕೋಲಾರಕ್ಕೆ ಹೋಗಿ ಅವರನ್ನು ಕಂಡು, ಚಿನ್ನ ಮುಗಿದುಹೋಯಿತಂತೆ ಸರ್, ಎಂದೆ. “ಚಿನ್ನ ಮುಗಿಯಿತು ಎಂಬುದು ಒಂದು ವಾಕ್ಯ. ಚಿನ್ನದ ಬೆಲೆಗಿಂತ ಅದನ್ನು ತೆಗೆಯುವ ಖರ್ಚು ಹೆಚ್ಚಾಯಿತು ಎಂಬುದು ಬೇರೊಂದು ವಾಕ್ಯ. ಆರಂಭದಲ್ಲಿ ಟನ್ನಿಗೆ 40 ಗ್ರಾಂ ಮೀರಿ ಬರುತ್ತಿದ್ದದ್ದು ಕೊನೆಗೆ ಮೂರು ನಾಲ್ಕು ಗ್ರಾಮಿಗೆ ಇಳಿದಿತ್ತು. ನೀವು ಯಾವ ವಾಕ್ಯ ಹೇಳುತ್ತೀರಿ ಎಂಬುದರ ಮೇಲೆ ನಿಮ್ಮ ಊರಿನ ಜನ ಮುಂದೆ ಏನು ಕೇಳಬೇಕು ಎಂಬುದು ನಿಂತಿದೆ” ಎಂದರು. ಅಂದು ನನಗೆ ಸಮಾಧಾನದ ಮಾತು ಬೇಕಾಗಿತ್ತು, ಅವರು ಕೊಟ್ಟದ್ದು ತಿದ್ದುಪಡಿ. ಆಮೇಲಿನ ವರ್ಷಗಳಲ್ಲಿ ಅರ್ಜಿಗಳನ್ನು ಬರೆಯುವಾಗ, ಸಭೆಗಳಲ್ಲಿ ಮಾತನಾಡುವಾಗ ನಾನು ಉಪಯೋಗಿಸಿದ್ದು ಆ ತಿದ್ದುಪಡಿಯನ್ನೇ.

ಮಾವಿನ ತೋಟ:

ನಾನು ಶ್ರೀನಿವಾಸಪುರ ತಾಲ್ಲೂಕಿನ ಕೃಷಿಕ. ಅವರ ಬಳಿ ಓದಿದ್ದು ಎರಡೇ ವರ್ಷ. ತಂದೆ ತೀರಿಕೊಂಡ ಮೇಲೆ ತೋಟ ನೋಡಿಕೊಳ್ಳಲು ಕಾಲೇಜು ಬಿಟ್ಟೆ.

ನಮ್ಮಲ್ಲಿ ಹೊಳೆಯಿಲ್ಲ, ಕಾಲುವೆಯಿಲ್ಲ. ಕೆರೆ ಬತ್ತಿದ ಮೇಲೆ ಕೊಳವೆಬಾವಿಯೊಂದೇ ದಾರಿ. ಎರಡು ಬಾರಿ ಕೊರೆಸಿ ಸೋತೆ, ಎರಡನೆಯದು 1,100 ಅಡಿ. ಮೂರನೆಯದಕ್ಕೆ ಸಾಲ ಮಾಡಲು ಹೊರಟಾಗ ಅವರ ಪಾಠ ನೆನಪಾಯಿತು. ನಮ್ಮ ಗಟ್ಟಿ ಬಂಡೆಯ ಸೀಮೆಯಲ್ಲಿ ನೀರು ಇರುವುದು ಮೇಲಿನ ಕೊಳೆತ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಆಳಕ್ಕೆ ಹೋದಂತೆ ಬಿರುಕುಗಳು ಸಾಮಾನ್ಯವಾಗಿ ಕಡಿಮೆಯಾಗುತ್ತವೆ, ಬಾಯಿ ಬಿಗಿಯುತ್ತವೆ. ಆದ್ದರಿಂದ ಆಳವೇ ನೀರಲ್ಲ. ಈ ಮಾತನ್ನು ಅವರು ಹಲಗೆಯ ಮೇಲೆ ಚಿತ್ರ ಬಿಡಿಸಿ ಹೇಳಿ ಸುಮ್ಮನಾಗಿರಲಿಲ್ಲ. ನಮ್ಮೂರ ಸುತ್ತಲಿನ ಬಾವಿಗಳನ್ನು ಎಣಿಸಿ, ನೀರಿನ ಮಟ್ಟವನ್ನು ಹಗ್ಗಕ್ಕೆ ಕಲ್ಲು ಕಟ್ಟಿ ಅಳೆದು, ನಮ್ಮ ಸೀಮೆಯ ಸರ್ವೆ ಭೂಪಟದಲ್ಲಿ (57 ಕೆ ಸಂಖ್ಯೆಯದು) ಗುರುತು ಹಾಕಿಸಿದ್ದರು. ಆ ಹಳೆಯ ಹಾಳೆ ಪೆಟ್ಟಿಗೆಯಲ್ಲಿತ್ತು. ತೆಗೆದು ನೋಡಿದರೆ ಅಂದು 30, 40 ಅಡಿಯಲ್ಲಿ ನೀರು ಕಂಡಿದ್ದ ತೆರೆದ ಬಾವಿಗಳ ಸಾಲೊಂದು ನಮ್ಮ ತೋಟದ ಅಂಚಿನಲ್ಲೇ ಹಾದುಹೋಗಿತ್ತು, ಕರಿಕಲ್ಲಿನ ಒಂದು ಏಣಿನ ಪಕ್ಕದಲ್ಲಿ. ಮೂರನೆಯ ಕೊಳವೆಬಾವಿಯ ದುಡ್ಡಿನಲ್ಲಿ ಹಳೆಯ ಬಾವಿಯ ಹೂಳೆತ್ತಿಸಿ, ತೋಟದ ಮಳೆನೀರು ಅದಕ್ಕೆ ಇಳಿಯುವಂತೆ ಮರಳು ಜಲ್ಲಿಯ ಇಂಗುಗುಂಡಿ ಮಾಡಿಸಿದೆ. ಬಾವಿ ತುಂಬಿ ತುಳುಕುತ್ತಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಎಳೆಯ ಗಿಡಗಳಿಗೆ ಬೇಸಿಗೆ ಕಳೆಯುವಷ್ಟು ಸಿಗುತ್ತದೆ.

ಇನ್ನೊಂದು ಉಪಕಾರ. ಗ್ರಾನೈಟು ಮತ್ತು ನೈಸ್ (gneiss) ಎಂಬ ಪಟ್ಟೆಪಟ್ಟೆಯ ಬಂಡೆಗಳ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ, ನೀರು ಬಂಡೆಯೊಳಗೆ ಹೆಚ್ಚು ಕಾಲ ನಿಂತಷ್ಟೂ ಅದು ಹೆಚ್ಚಬಹುದು ಎಂದು ಅವರು ಹೇಳಿದ್ದರಿಂದ ನಮ್ಮ ಬೀದಿಯ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಿದೆ. ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ. ನಮ್ಮದು ಆ ಎರಡನೆಯ ಗೆರೆಯನ್ನೂ ದಾಟಿತ್ತು. ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟೆಗಳನ್ನು ಅದುವರೆಗೆ ನಾವು ಹಲ್ಲುಜ್ಜದ ಸೋಮಾರಿತನವೆಂದು ಬೈಯುತ್ತಿದ್ದೆವು. ಮೇಷ್ಟ್ರೇ, ನೀವು ಕೇಳಿದ ಪ್ರಶ್ನೆಗೆ ಇದು ನನ್ನ ಉತ್ತರ: ಪ್ರತಿ ತಿಂಗಳ ಮೊದಲ ದಿನ ಬಾವಿಯ ಮಟ್ಟವನ್ನು ಅಳೆದು ಬರೆದಿಡುತ್ತೇನೆ. ಇಂದಿಗೂ ಹಗ್ಗಕ್ಕೆ ಕಲ್ಲು ಕಟ್ಟಿಯೇ ಅಳೆಯುತ್ತೇನೆ.

ಟೇಕಲ್ ಕಲ್ಲು:

ಎಲ್ಲರ ಬರಹಗಳನ್ನೂ ಓದಿದೆ. ಚಾಂಪಿಯನ್ ರೀಫ್ ಅವರ ತಂದೆಯನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದರು ಎಂಬುದನ್ನು ಓದುವಾಗ ನನಗೆ ಸಂತೋಷವೂ ಆಯಿತು, ನೋವೂ ಆಯಿತು. ನನ್ನ ತಂದೆಗೂ ಆ ಕುರ್ಚಿ ಸಲ್ಲುತ್ತಿತ್ತು. ಬಂಡೆಯ ಮೇಲೆ ಅಂಗೈ ಇಟ್ಟು, ಸುತ್ತಿಗೆಯಿಂದ ಎರಡು ಕಡೆ ತಟ್ಟಿ, ಯಾವ ದಿಕ್ಕಿಗೆ ಸೀಳುತ್ತದೆ, ಯಾವ ದಿಕ್ಕಿಗೆ ಸೀಳುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಉಳಿಯಿಂದ ಗುಳಿಗಳ ಸಾಲು ಹೊಡೆದು ಬೆಣೆ ಇಟ್ಟರೆ ಅವರು ಹೇಳಿದ ಗೆರೆಯಲ್ಲೇ ಬಂಡೆ ಬಾಯಿ ಬಿಡುತ್ತಿತ್ತು. ಅಂದು ಮೇಷ್ಟ್ರು ನನ್ನನ್ನು ನಿಲ್ಲಿಸಿದ್ದ ಬಂಡೆಯಲ್ಲಿ ಆ ಗೆರೆ ಯಾವ ಕಡೆಗಿದೆ ಎಂಬುದು ನನಗೆ ಕಂಡಿತ್ತು. ಅದು ಭೂವಿಜ್ಞಾನದ ಉತ್ತರವೆಂದು ನನಗೆ ತಿಳಿಯದೆ ಸುಮ್ಮನೆ ನಿಂತೆ.

ತೇರಹಳ್ಳಿ ದಾರಿ:

ನಿನ್ನೆ ಸಂಜೆ ಎಲ್ಲವನ್ನೂ ಓದಿದೆ, ಒಂದನ್ನೂ ಬಿಡಲಿಲ್ಲ. ಎರಡು ಗಂಟೆ ಹಿಡಿಯಿತು. ಅವರು ಗೋಡೆಗೆ ಒರಗಿ ಕುಳಿತು ಕೇಳಿದರು. ನಡುವೆ ಎರಡು ಕಡೆ ನಿಲ್ಲಿಸಿ ಮತ್ತೆ ಓದಿಸಿದರು. ಎರಡೂ ಟೇಕಲ್ಲಿನವರ ಬರಹಗಳು. ಅವರು ಹೇಳಿದ್ದನ್ನು ನಾನು ಬರೆದುಕೊಂಡು, ಅವರಿಗೇ ಓದಿ ತೋರಿಸಿ, ಅವರು ಒಪ್ಪಿದ ಮೇಲೆ ಇಲ್ಲಿ ಹಾಕುತ್ತಿದ್ದೇನೆ.

“ಟೇಕಲ್ಲಿನವರಿಗೆ: ಆ ಮಾತನ್ನು ನಾನು ಆಡಿದ್ದು ನಿಜ. ಬೇರೆಯವರಿಗೆ ಕಾಣದ್ದು ನಿಮಗೆ ಕಾಣುತ್ತದೆಂಬ ನಂಬಿಕೆಯಿಂದ ಆಡಿದೆ. ಆದರೆ ಕೇಳುವವರಿಗೆ ಅದು ಹೇಗೆ ಕೇಳಿಸುತ್ತದೆ ಎಂಬುದನ್ನು ನೋಡಲಿಲ್ಲ, ಭಾನುವಾರ ನೀವು ಎಲ್ಲಿರುತ್ತೀರಿ ಎಂದು ಕೇಳಲಿಲ್ಲ. ನೀವು ಕಾಲೇಜು ಬಿಟ್ಟ ಮರುವರ್ಷ ಇನ್ನೊಬ್ಬ ವಿದ್ಯಾರ್ಥಿಯಿಂದ ತಿಳಿಯಿತು. ವೇಳಾಪಟ್ಟಿಯನ್ನು ಬದಲಾಯಿಸಿದೆ, ಆದರೆ ನಿಮಗೆ ಒಂದು ಕಾಗದ ಬರೆಯಲಿಲ್ಲ. ಅದು ನನ್ನ ತಪ್ಪು. ನಿಮ್ಮ ತಂದೆಯವರು ಸೀಳುವ ಗೆರೆಯನ್ನು ಗುರುತಿಸುತ್ತಿದ್ದ ವಿಧಾನವನ್ನು ಪೂರ್ತಿಯಾಗಿ ಬರೆದು ಕಳುಹಿಸಿ. ಅವರು ಬಳಸುತ್ತಿದ್ದ ಶಬ್ದಗಳು ಹಾಗೆಯೇ ಇರಲಿ. ನನ್ನ ಉದ್ದನೆಯ ಪುಸ್ತಕದಲ್ಲಿ ಕೆಲವು ಪುಟಗಳು ಉಳಿದಿವೆ, ಮೊಮ್ಮಗಳು ಬರೆದುಕೊಳ್ಳುತ್ತಾಳೆ.

“ಮಾವಿನ ತೋಟದವರಿಗೆ: ತಿಂಗಳಿಗೊಮ್ಮೆ ಸಾಲದು, ಮಳೆಗಾಲದಲ್ಲಿ ವಾರಕ್ಕೊಮ್ಮೆ ಅಳೆಯಿರಿ.

“ತೇರಹಳ್ಳಿ ದಾರಿಯವರಿಗೆ: ಒರತೆಯ ನೀರು ಮಳೆ ನಿಂತ ಬಹಳ ದಿನಗಳ ಮೇಲೂ ಇರುತ್ತದೆ ಎಂದು ಬರೆದಿದ್ದೀರಿ. ಎಷ್ಟು ಇರುತ್ತದೆ? ಅಂದೂ ನೀವು ಅಳೆಯಲಿಲ್ಲ, ನಾನೂ ಕೇಳದೆ ಸಹಿ ಮಾಡಿಬಿಟ್ಟೆ.”

ಟೇಕಲ್ ಕಲ್ಲು:

ಓದಿದೆ. ಬರೆದು ಕಳುಹಿಸುತ್ತೇನೆಂದು ಮೇಷ್ಟ್ರಿಗೆ ತಿಳಿಸಿ. ತಂದೆಯವರ ಎರಡು ಉಳಿಗಳು ನನ್ನ ಬಳಿ ಇವೆ, ಅವುಗಳನ್ನೂ ತೆಗೆದುಕೊಂಡು ಹೋಗಿ ಅವರ ಕೈಗೆ ಕೊಟ್ಟು ತೋರಿಸಬೇಕೆಂದಿದ್ದೇನೆ. ಅಂತರಗಂಗೆಯ ನೀರನ್ನು ಅಳೆಯಲು ನೀವು ಹೋಗುವುದಾದರೆ ನಾನೂ ಬರುತ್ತೇನೆ. ಈಗ ನನಗೆ ಭಾನುವಾರ ಬಿಡುವಿದೆ.

ಮುಳಬಾಗಿಲಿನವಳು:

ನಾನು ಶಾಲೆಯ ನಾಲ್ಕು ಮಕ್ಕಳನ್ನು ಕರೆತರುತ್ತೇನೆ. ಹತ್ತು ಲೀಟರಿನ ಗುರುತಿರುವ ಬಕೆಟ್ಟೂ ಸೆಕೆಂಡು ತೋರಿಸುವ ಗಡಿಯಾರವೂ ನಮ್ಮ ಪ್ರಯೋಗಾಲಯದಲ್ಲಿವೆ. ಮೂರು ಬಾರಿ ಅಳೆದು ಸರಾಸರಿ ತೆಗೆಯೋಣ, ಕೊನೆಯ ಮಳೆ ಯಾವಾಗ ಬಂದಿತ್ತೆಂದು ಮೇಲಿನ ಹಳ್ಳಿಯವರನ್ನು ಕೇಳಿ ಬರೆದುಕೊಳ್ಳೋಣ. ಪೂಜೆಗೆ ಜನ ಸೇರುವ ಮೊದಲು, ಬೆಳಿಗ್ಗೆ ಆರು ಗಂಟೆಗೆ ಮೆಟ್ಟಿಲ ಬುಡದಲ್ಲಿ.